ಬಿಳಿ ಪುಡಿಯ ಬಾಟಲಿ: ಆಂಟಿಬಯೋಟಿಕ್ ಇಂಜೆಕ್ಷನ್ ಹಾಕಿಸಿಕೊಳ್ಳುವ ಮುಂಚೆ



ಮಳೆಗಾಲ ಬಂತೆಂದರೆ ನಮ್ಮ ಸಂಘಗಳ ಸಾಲದ ಪುಸ್ತಕದಲ್ಲಿ ‘ಆಸ್ಪತ್ರೆ ಖರ್ಚು’ ಎಂಬ ಬರಹ ಹೆಚ್ಚಾಗುತ್ತದೆ. ಗೊಬ್ಬರ, ಶಾಲೆಯ ಫೀಸು, ಹಸು ಖರೀದಿ ಇವುಗಳ ನಡುವೆ ಐನೂರು, ಎಂಟುನೂರು, ಎರಡು ಸಾವಿರ ಹೀಗೆ ಸಣ್ಣ ಸಣ್ಣ ಮೊತ್ತಗಳು. ಏನಾಗಿತ್ತು ಎಂದು ಕೇಳಿದರೆ, “ಜ್ವರ ಬಂದಿತ್ತು ಸಿಸ್ಟರ್, ಮೂರು ಸೂಜಿ ಹಾಕ್ಸಿದ್ವಿ” ಅನ್ನುತ್ತೀರಿ. ಯಾವ ಸೂಜಿ ಎಂದರೆ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. “ಬಿಳಿ ಪುಡಿ ಇರ್ತದಲ್ಲ, ನೀರು ಹಾಕಿ ಅಲ್ಲಾಡಿಸ್ತಾರಲ್ಲ, ಅದು.”

ಈ ಸಲದ ಪಾಠ ಆ ಬಿಳಿ ಪುಡಿಯ ಬಗ್ಗೆ. ಸಾಲದ ಬಡ್ಡಿ ಎಷ್ಟು ಎಂದು ಪೈಸೆ ಬಿಡದೆ ಕೇಳುವ ನಾವು, ಮೈಯೊಳಗೆ ಹೋಗುವ ಔಷಧಿಯ ಹೆಸರು ಕೇಳುವುದಕ್ಕೆ ಯಾಕೆ ಹಿಂಜರಿಯುತ್ತೇವೋ ನನಗೆ ತಿಳಿಯದು.

ಒಂದು ಬಾಟಲಿ, ಮೂರು ಮನೆ

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಮಲೆನಾಡಿನ ಒಂದು ಊರಿನಲ್ಲಿ ನಡೆದದ್ದು. ಹೆಸರು ಬೇಡ. ನಾಟಿ ಸಮಯ. ನಮ್ಮ ಸಂಘದ ಒಬ್ಬ ಅಕ್ಕ ಮೂರು ದಿನ ಕೆಸರಿನಲ್ಲಿ ನಿಂತು ಕೆಲಸ ಮಾಡಿ ಬಂದವರು ನಾಲ್ಕನೇ ದಿನ ಜ್ವರ ಬಂದು ಮಲಗಿದರು. ಮೈಕೈ ನೋವು, ಅದರಲ್ಲೂ ಮೀನಖಂಡ ಮುಟ್ಟಿದರೆ ಕೂಗುವಷ್ಟು ನೋವು. ಆ ಕಡೆ ಬೈಕಿನಲ್ಲಿ ಚೀಲ ಹಾಕಿಕೊಂಡು ಬರುವ ಒಬ್ಬರಿದ್ದರು. ಊರಿನವರು ಅವರನ್ನು ಡಾಕ್ಟ್ರು ಅಂತಲೇ ಕರೆಯುತ್ತಿದ್ದರು, ಓದಿದ್ದು ಏನು ಎಂದು ಯಾರೂ ಕೇಳಿರಲಿಲ್ಲ. ಅವರು ದಿನಾ ಸಂಜೆ ಬಂದು ಒಂದು ಇಂಜೆಕ್ಷನ್ ಕೊಟ್ಟು ಹೋದರು. ಮೂರು ದಿನ ಹೀಗೇ ಆಯಿತು. ಐದನೇ ದಿನ ಅಕ್ಕನ ಕಣ್ಣು ಹಳದಿಯಾಯಿತು, ಮೂತ್ರ ಕಡಿಮೆಯಾಯಿತು. ರಾತ್ರಿಯೇ ಜೀಪು ಮಾಡಿಕೊಂಡು ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಇಲಿಜ್ವರ. ಕಿಡ್ನಿಗೂ ತಾಗಿತ್ತು. ಡಯಾಲಿಸಿಸ್ ಮಾಡಬೇಕಾಯಿತು. ಬದುಕಿದರು, ಆದರೆ ಆ ವರ್ಷ ಅವರ ಕೈಯಲ್ಲಿ ಒಂದು ಹಿಡಿ ಪೈರೂ ನೆಡಲಾಗಲಿಲ್ಲ.

ಅವರ ಸೊಸೆ ಜಾಣೆ. ಹೊರಡುವಾಗ ಕಿಟಕಿಯ ಮೇಲಿದ್ದ ಖಾಲಿ ಬಾಟಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಓದಿದರು. ಸೆಫ್ಟ್ರಿಯಾಕ್ಸೋನ್, ಒಂದು ಗ್ರಾಂ. “ಇದು ಈ ಕಾಯಿಲೆಗೆ ಕೊಡೋ ಔಷಧಿಯೇ. ಬಾಟಲಿ ಪೂರ್ತಿ ಕೊಟ್ರಾ?” ಎಂದು ಕೇಳಿದರು. ಸೊಸೆ ಹೇಳಿದಳು, “ಇಲ್ಲ ಸಾರ್, ನಮ್ಮನೆಗೆ ಸ್ವಲ್ಪ, ಪಕ್ಕದ ಎರಡು ಮನೆಯಲ್ಲೂ ಜ್ವರ ಇತ್ತು, ಅವರಿಗೂ ಅದ್ರಲ್ಲೇ ಕೊಟ್ರು. ಖರ್ಚು ಹಂಚಿಕೊಂಡ್ವಿ.”

ಪೂರ್ತಿ ಅಳತೆ ಮೊದಲೇ ಸಿಕ್ಕಿದ್ದರೆ ಕಿಡ್ನಿಗೆ ತಾಗುತ್ತಲೇ ಇರಲಿಲ್ಲ ಎಂದು ಖಂಡಿತವಾಗಿ ಹೇಳಲಾಗದು ಎಂದು ಆ ಡಾಕ್ಟರೇ ಹೇಳಿದರು. ಆದರೆ ನನ್ನ ತಲೆಯಲ್ಲಿ ಉಳಿದದ್ದು ಬೇರೆ. ಔಷಧಿ ಸರಿ ಇತ್ತು, ಕಾಯಿಲೆಯೂ ಅದಕ್ಕೆ ಬಗ್ಗುವಂಥದ್ದು. ತಪ್ಪಿದ್ದು ಅಳತೆ, ಕೊಟ್ಟ ರೀತಿ ಮತ್ತು ಪರೀಕ್ಷೆಯಿಲ್ಲದೆ ಕಳೆದ ದಿನಗಳು. ಸಂಘದಲ್ಲಿ ನಾವು ಎಲ್ಲವನ್ನೂ ಹಂಚಿಕೊಳ್ಳಿ ಎಂದು ಕಲಿಸುತ್ತೇವೆ. ಇಂಜೆಕ್ಷನ್ ಬಾಟಲಿ ಮಾತ್ರ ಹಂಚಿಕೊಳ್ಳುವ ವಸ್ತುವಲ್ಲ ಎಂದು ನಾನು ಅಲ್ಲಿಯವರೆಗೆ ಯಾವ ಸಭೆಯಲ್ಲೂ ಹೇಳಿರಲಿಲ್ಲ.

ಪುಡಿಯೊಳಗೆ ಇರುವುದೇನು?

ಬಿಳಿ ಪುಡಿಯ ಬಾಟಲಿಗಳೆಲ್ಲ ಒಂದೇ ಔಷಧಿ ಅಲ್ಲ. ಆದರೆ ನಮ್ಮ ಕಡೆ ಬಹಳ ಬಳಕೆಯಲ್ಲಿರುವುದು ಈ ಸೆಫ್ಟ್ರಿಯಾಕ್ಸೋನ್. ಇದರ ವಂಶದ ಮೂಲ ಕೇಳಿದರೆ ನಿಮಗೆ ನಗು ಬಂದೀತು. 1945ರಲ್ಲಿ ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ ಜುಸೆಪ್ಪೆ ಬ್ರೊಟ್ಸು ಎಂಬ ವೈದ್ಯರು ಊರಿನ ಚರಂಡಿ ನೀರು ಸಮುದ್ರ ಸೇರುವ ಜಾಗದಲ್ಲಿ ಒಂದು ಬೂಷ್ಟನ್ನು ಕಂಡುಹಿಡಿದರು. ಉಪ್ಪಿನಕಾಯಿ ಮೇಲೆ ಬರುತ್ತದಲ್ಲ, ಆ ಜಾತಿಯದ್ದು. ಅದು ಟೈಫಾಯ್ಡ್ ರೋಗಾಣುವನ್ನು ಬೆಳೆಯಲು ಬಿಡುತ್ತಿರಲಿಲ್ಲ. ಆ ಬೂಷ್ಟಿನಿಂದ ಶುರುವಾದ ಔಷಧಿಗಳ ಸಾಲಿನಲ್ಲಿ ಸೆಫ್ಟ್ರಿಯಾಕ್ಸೋನ್ ಬರುತ್ತದೆ. ಇದು ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟಲು ಬಿಡುವುದಿಲ್ಲ. ಗೋಡೆ ಇಲ್ಲದ ಮನೆ ಮಳೆಗೆ ಕುಸಿದ ಹಾಗೆ ಅದು ಸಾಯುತ್ತದೆ. ಮೈಯಲ್ಲಿ ಬಹಳ ಹೊತ್ತು ಉಳಿಯುವುದರಿಂದ ಹೆಚ್ಚಿನ ಕಾಯಿಲೆಗಳಿಗೆ ದಿನಕ್ಕೆ ಒಂದೇ ಸಲ ಸಾಕು. ಮೆದುಳು ಜ್ವರದಂಥ ಕೆಲವಕ್ಕೆ ಎರಡು ಸಲ ಕೊಡುವುದುಂಟು.

ದೊಡ್ಡವರಿಗೆ ಸಾಮಾನ್ಯವಾಗಿ ದಿನಕ್ಕೆ ಒಂದರಿಂದ ಎರಡು ಗ್ರಾಂ. ಮಕ್ಕಳಿಗೆ ತೂಕ ನೋಡಿ ಲೆಕ್ಕ ಹಾಕುತ್ತಾರೆ. ಆದ್ದರಿಂದ ಮಗುವನ್ನು ತೂಗದೆ, ತೂಕವನ್ನೂ ಕೇಳದೆ ಸೂಜಿಗೆ ಔಷಧಿ ತುಂಬಿಸುವವರನ್ನು ಕಂಡರೆ ಅಲ್ಲೇ ನಿಲ್ಲಿಸಿ.

ಎಲ್ಲ ಜ್ವರಕ್ಕೂ ಅಲ್ಲ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಮಲೆನಾಡಿನಲ್ಲಿ ಒಂದೇ ಥರ ಕಾಣುವ ಜ್ವರಗಳು ಹಲವು.

ಇಲಿಜ್ವರ ಬ್ಯಾಕ್ಟೀರಿಯಾದಿಂದ ಬರುವುದು. ಇಲಿಯ ಮೂತ್ರ ಸೇರಿದ ಗದ್ದೆಯ ನೀರು ಕಾಲಿನ ಗಾಯ, ಬಿರುಕಿನಿಂದ ಒಳಗೆ ಹೋಗುತ್ತದೆ. ಜೋರಾದಾಗ ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಕೊಡುತ್ತಾರೆ. ಹಗುರವಾಗಿದ್ದರೆ ಡಾಕ್ಸಿಸೈಕ್ಲಿನ್ ಎಂಬ ಮಾತ್ರೆಯೇ ಸಾಕಾಗಬಹುದು.

ಮಂಗನ ಕಾಯಿಲೆ ವೈರಸ್‌ನಿಂದ ಬರುವುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮೊದಲು ಗುರುತಾಯಿತು. ಕಾಡಿನ ಉಣ್ಣಿ ಕಚ್ಚುವುದರಿಂದ ಹರಡುತ್ತದೆ. ಇದಕ್ಕೂ ಜ್ವರ, ತಲೆನೋವು, ವಿಪರೀತ ಮೈಕೈ ನೋವು. ಆದರೆ ಆ ವೈರಸ್ಸಿಗೆ ಹತ್ತು ಬಾಟಲಿ ಸೆಫ್ಟ್ರಿಯಾಕ್ಸೋನ್ ಕೊಟ್ಟರೂ ಏನೂ ಆಗದು. ಡೆಂಗೆ, ಚಿಕುನ್‌ಗುನ್ಯಾ, ಸಾಮಾನ್ಯ ನೆಗಡಿ ಜ್ವರಗಳೂ ಹಾಗೆಯೇ.

ಇನ್ನು ಸ್ಕ್ರಬ್ ಟೈಫಸ್ ಎಂದು ಒಂದಿದೆ. ಪೊದೆ, ಹುಲ್ಲಿನಲ್ಲಿರುವ ಸಣ್ಣ ಹುಳ ಕಚ್ಚಿ ಬರುವುದು. ಇದು ಬ್ಯಾಕ್ಟೀರಿಯಾವೇ, ಆದರೂ ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗುವುದಿಲ್ಲ. ಡಾಕ್ಸಿಸೈಕ್ಲಿನ್ ಬೇಕು. ಅಂದರೆ ದುಬಾರಿ ಸೂಜಿಯಿಂದ ಆಗದ ಕೆಲಸ ಅಗ್ಗದ ಮಾತ್ರೆಯಿಂದ ಆಗುತ್ತದೆ. ಹುಳ ಕಚ್ಚಿದ ಕಡೆ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಇರಬಹುದು. ಕಂಕುಳು, ತೊಡೆಸಂದು, ಎದೆಯ ಕೆಳಗೆ ಇದ್ದರೆ ನಾಚಿಕೆಯಿಂದ ನಾವು ತೋರಿಸುವುದಿಲ್ಲ. ದಯವಿಟ್ಟು ನರ್ಸಮ್ಮನಿಗಾದರೂ ತೋರಿಸಿ.

ಟೈಫಾಯ್ಡ್‌ಗೆ ಈ ಇಂಜೆಕ್ಷನ್ ಕೊಡುತ್ತಾರೆ, ಸರಿ. ಆದರೆ ಒಂದು ಸಲದ ವಿಡಾಲ್ ಪರೀಕ್ಷೆ ನಂಬಿ ಟೈಫಾಯ್ಡ್ ಎಂದು ಹೇಳಿಬಿಡುವುದು ನಮ್ಮಲ್ಲಿ ಬಹಳ. ಅದು ತಪ್ಪು ತೋರಿಸುವುದು ಹೆಚ್ಚು. ಆಂಟಿಬಯೋಟಿಕ್ ಶುರು ಮಾಡುವ ಮೊದಲು ರಕ್ತ ತೆಗೆದು ಕಲ್ಚರ್‌ಗೆ ಕಳಿಸಿದರೆ ರೋಗಾಣು ಯಾವುದು, ಯಾವ ಔಷಧಿಗೆ ಸಾಯುತ್ತದೆ ಎಂದು ತಿಳಿಯುವ ಸಾಧ್ಯತೆ ಹೆಚ್ಚು. ಸೂಜಿ ಚುಚ್ಚಿಯಾದ ಮೇಲೆ ರಕ್ತ ಕೊಟ್ಟರೆ ಎಷ್ಟೋ ಸಲ ಏನೂ ಬೆಳೆಯುವುದಿಲ್ಲ. ಹಾಗಂತ ರೋಗಿಗೆ ಪ್ರಜ್ಞೆ ತಪ್ಪುತ್ತಿದ್ದರೆ, ಉಸಿರು ಮೇಲೆ ಮೇಲೆ ಬರುತ್ತಿದ್ದರೆ, ಮೂತ್ರ ಕಟ್ಟಿದ್ದರೆ ಡಾಕ್ಟರು ವರದಿಗೆ ಕಾಯದೆ ಔಷಧಿ ಶುರು ಮಾಡುತ್ತಾರೆ. ಅದು ಸರಿಯೇ. ಅಂಥ ಹೊತ್ತಿನಲ್ಲಿ “ಸಿಸ್ಟರ್ ಹೇಳಿದ್ದಾರೆ, ಮೊದಲು ಟೆಸ್ಟ್ ಮಾಡಿ” ಎಂದು ಜಗಳಕ್ಕೆ ನಿಲ್ಲಬೇಡಿ.

ಚುಚ್ಚುವ ಮೊದಲು ಬಾಯಿ ಬಿಡಿ

ಡಾಕ್ಟರ ಮುಂದೆ ನಾವು ಕೇಳಿದ್ದಕ್ಕಷ್ಟೇ ಹೂಂ, ಹೂಂಹೂಂ ಎನ್ನುತ್ತೇವೆ. ಈ ಕೆಲವು ವಿಷಯ ಅವರು ಕೇಳದಿದ್ದರೂ ನೀವಾಗಿ ಹೇಳಬೇಕು. ಹಿಂದೆ ಯಾವುದಾದರೂ ಇಂಜೆಕ್ಷನ್ ಅಥವಾ ಮಾತ್ರೆಯಿಂದ ಮೈ ತುಂಬ ಗಂಧೆ ಎದ್ದದ್ದು, ತುಟಿ ಊದಿದ್ದು, ಉಸಿರು ಕಟ್ಟಿದ್ದು ಇದ್ದರೆ ಅದನ್ನು ಮೊಟ್ಟಮೊದಲು ಹೇಳಿ. ಪೆನಿಸಿಲಿನ್ ಆಗದವರಲ್ಲಿ ಕೆಲವರಿಗೆ ಇದೂ ಆಗದಿರಬಹುದು. ಬಸುರಿಯಾಗಿದ್ದರೆ, ಮೊಲೆ ಹಾಲು ಕುಡಿಸುತ್ತಿದ್ದರೆ, ಕಿಡ್ನಿ ಅಥವಾ ಲಿವರ್ ತೊಂದರೆ ಇದ್ದರೆ ತಿಳಿಸಿ. ಬಾಣಂತಿ ಎಂದು ಔಷಧಿಯೇ ಬೇಡ ಎನ್ನಬೇಕಾಗಿಲ್ಲ. ಅಗತ್ಯ ಇದ್ದರೆ ಕೊಡುತ್ತಾರೆ.

ಹುಟ್ಟಿ ಇಪ್ಪತ್ತೆಂಟು ದಿನದೊಳಗಿನ ಕೂಸಿನ ವಿಷಯವೇ ಬೇರೆ. ಸೆಫ್ಟ್ರಿಯಾಕ್ಸೋನ್ ಕ್ಯಾಲ್ಸಿಯಂ ಜೊತೆ ಸೇರಿದರೆ ಸಣ್ಣ ಹರಳಾಗುತ್ತದೆ. ಎಳೆಗೂಸುಗಳ ಶ್ವಾಸಕೋಶದಲ್ಲಿ, ಕಿಡ್ನಿಯಲ್ಲಿ ಆ ಹರಳು ನಿಂತು ಸಾವಾದದ್ದಿದೆ. ಕಾಮಾಲೆ ಇರುವ ಕೂಸಿಗೂ ಇದು ಕೂಡದು. ಅಂಥ ಕೂಸುಗಳಿಗೆ ಬೇರೆ ಔಷಧಿ ಇದೆ, ಅದನ್ನು ಆಸ್ಪತ್ರೆಯಲ್ಲೇ ಕೊಡಿಸಬೇಕು. ದೊಡ್ಡವರಿಗೂ ಆರ್.ಎಲ್. ಎಂದು ಬರೆದ ಡ್ರಿಪ್ ಬಾಟಲಿಯಲ್ಲಿ ಕ್ಯಾಲ್ಸಿಯಂ ಇರುತ್ತದೆ. ಅದರೊಳಗೆ ಈ ಪುಡಿಯನ್ನು ಸೇರಿಸಬಾರದು. “ಗ್ಲೂಕೋಸ್ ಹಾಕಿ ಅದ್ರಲ್ಲೇ ಪವರ್ ಸೂಜಿ ಬಿಡಿ” ಎಂದು ನಾವೇ ಒತ್ತಾಯ ಮಾಡುವುದುಂಟಲ್ಲ, ಆ ಚಾಳಿ ಬಿಡಬೇಕು.

ಕಣ್ಣಿಂದ ನೋಡಬೇಕಾದದ್ದೂ ಇದೆ. ಬಾಟಲಿಯ ಮುಚ್ಚಳ ನಿಮ್ಮೆದುರು ತೆಗೆದದ್ದೇ? ಅವಧಿ ಮುಗಿದಿಲ್ಲವಲ್ಲ? ಸಿರಿಂಜು, ಸೂಜಿ ಎರಡೂ ಹೊಸ ಪೊಟ್ಟಣದಿಂದ ಬಂತೇ? ಸೂಜಿ ಬದಲಿಸಿ ಸಿರಿಂಜು ಹಳೆಯದೇ ಇಟ್ಟುಕೊಳ್ಳುವವರಿದ್ದಾರೆ. ಅದೂ ಅಷ್ಟೇ ಅಪಾಯ. ಬಿಸಿ ನೀರಿನಲ್ಲಿ ತೊಳೆದರೆ ಹೊಸದಾಗುವುದಿಲ್ಲ. ಗುಜರಾತಿನ ಮೊಡಾಸಾದಲ್ಲಿ 2009ರಲ್ಲಿ ಬಳಸಿದ ಸಿರಿಂಜುಗಳಿಂದ ಹೆಪಟೈಟಿಸ್ ಬಿ ಹರಡಿ ಹಲವರು ಸತ್ತರು. ಉತ್ತರ ಪ್ರದೇಶದ ಉನ್ನಾವೋ ಜಿಲ್ಲೆಯಲ್ಲಿ 2018ರಲ್ಲಿ ಹತ್ತಾರು ಜನರಲ್ಲಿ ಎಚ್.ಐ.ವಿ. ಕಂಡಾಗ, ಊರೂರು ತಿರುಗಿ ಇಂಜೆಕ್ಷನ್ ಕೊಡುತ್ತಿದ್ದವರ ಒಂದೇ ಸೂಜಿಯ ಮೇಲೆ ಶಂಕೆ ಬಂತು.

ಪುಡಿಯನ್ನು ಕಲಸಿದ ಮೇಲೆ ಕೂಡಲೇ ಬಳಸಬೇಕು. ಬೆಳಿಗ್ಗೆ ಕಲಸಿ ಉಳಿಸಿದ್ದನ್ನು ಮಾರನೇ ದಿನಕ್ಕೆ ಇಡುವಂತಿಲ್ಲ. ಕಲಸಿದಾಗ ತಿಳಿ ಹಳದಿ ಬಣ್ಣ ಬರುತ್ತದೆ, ಅದಕ್ಕೆ ಹೆದರಬೇಡಿ. ಕದಡಿದಂತಿದ್ದರೆ, ಕಣಗಳು ತೇಲುತ್ತಿದ್ದರೆ ಬೇಡ ಎನ್ನಿ. ಸೊಂಟಕ್ಕೆ ಕೊಡುವಾಗ ಬಹಳ ನೋಯುವುದರಿಂದ ಲಿಗ್ನೊಕೇನ್ ಎಂಬ ಮರಗಟ್ಟಿಸುವ ಔಷಧಿಯಲ್ಲಿ ಕಲಸುತ್ತಾರೆ. ಹಲ್ಲು ಕೀಳುವಾಗ ಕೊಡುತ್ತಾರಲ್ಲ, ಅದೇ. ಹಾಗೆ ಕಲಸಿದ್ದು ನರಕ್ಕೆ ಹೋಗಲೇಬಾರದು. ನರಕ್ಕೆ ಕೊಡುವುದಾದರೆ ಶುದ್ಧ ನೀರಿನಲ್ಲಿ ಕಲಸಿ, ಕೆಲವು ನಿಮಿಷ ತೆಗೆದುಕೊಂಡು ನಿಧಾನವಾಗಿ ಬಿಡಬೇಕು. ಇಷ್ಟೆಲ್ಲ ಇರುವುದರಿಂದಲೇ ಇದು ಮನೆಯ ಜಗಲಿಯ ಮೇಲೆ ಆಗುವ ಕೆಲಸ ಅಲ್ಲ ಎನ್ನುವುದು. ನರ್ಸಿಂಗ್ ಓದಿದ ಮಗಳು ಮನೆಯಲ್ಲಿದ್ದರೂ ಅಲ್ಲ. ಅಲರ್ಜಿಯಾದರೆ ಬೇಕಾಗುವ ಔಷಧಿ ಮನೆಯಲ್ಲಿ ಇರುವುದಿಲ್ಲ.

ಚುಚ್ಚಿದ ಮೇಲಿನ ಅರ್ಧ ಗಂಟೆ

ಬಸ್ಸು ತಪ್ಪುತ್ತದೆ ಎಂದು ಸೂಜಿ ಹಾಕಿಸಿಕೊಂಡ ತಕ್ಷಣ ಓಡುತ್ತೇವೆ. ಅರ್ಧ ಗಂಟೆ ಅಲ್ಲೇ ಕುಳಿತುಕೊಳ್ಳಿ. ತುರಿಕೆ, ಗಂಧೆ, ತುಟಿ ಮತ್ತು ಕಣ್ಣು ಊದುವುದು, ಗಂಟಲು ಬಿಗಿಯುವುದು, ಉಸಿರಾಟದಲ್ಲಿ ಸೀಟಿಯಂಥ ಸದ್ದು, ವಾಂತಿ, ಕಣ್ಣು ಕತ್ತಲೆ ಬರುವುದು, ಇವುಗಳಲ್ಲಿ ಯಾವುದು ಕಂಡರೂ ಕೂಗಿ ಹೇಳಿ. ತಲೆ ಸುತ್ತುತ್ತಿದ್ದರೆ ಎದ್ದು ನಿಲ್ಲಿಸಬಾರದು, ನಡೆಸಬಾರದು. ಮಲಗಿಸಿ ಕಾಲು ಎತ್ತರಕ್ಕಿಡಬೇಕು. ಉಸಿರಾಡಲು ಕಷ್ಟವಾದರೆ ಒರಗಿಸಿ ಕೂರಿಸಬಹುದು. ಆಗ ಜೀವ ಉಳಿಸುವ ಔಷಧಿ ಅಡ್ರಿನಲಿನ್. ಅದನ್ನು ತೊಡೆಯ ಹೊರಭಾಗದ ಮಾಂಸಕ್ಕೆ ಕೊಡುತ್ತಾರೆ. ಅದು ಇಲ್ಲದ ಕಡೆ ಆಂಟಿಬಯೋಟಿಕ್ ಇಂಜೆಕ್ಷನ್ ಹಾಕಿಸಿಕೊಳ್ಳಲೇಬಾರದು. “ಅಡ್ರಿನಲಿನ್ ಇದೆಯಾ ಸಾರ್?” ಎಂದು ಕೇಳಿ. ಒಳ್ಳೆಯ ಡಾಕ್ಟರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಮನೆಗೆ ಬಂದ ಮೇಲೆ ಹೀಗಾದರೆ 108ಕ್ಕೆ ಫೋನ್ ಮಾಡಿ.

ಟೆಸ್ಟ್ ಡೋಸ್ ಕೊಟ್ಟು ನೋಡಿದ್ದಾರೆ, ಇನ್ನು ಭಯವಿಲ್ಲ ಎಂದುಕೊಳ್ಳಬೇಡಿ. ಟೆಸ್ಟ್ ಸರಿಹೋದವರಿಗೂ ಅಲರ್ಜಿ ಆಗಬಹುದು. ಹಿಂದೆ ನಾಲ್ಕು ಸಲ ಆಗದ್ದು ಐದನೇ ಸಲ ಆಗಬಹುದು. ಇಂಥದ್ದು ಅಪರೂಪ, ಆದರೆ ಆದರೆ ನಿಮಿಷಗಳ ಲೆಕ್ಕ. ಆದವರು ಔಷಧಿಯ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಆಧಾರ್ ಕಾರ್ಡಿನ ಜೊತೆ ಇಟ್ಟುಕೊಳ್ಳಬೇಕು.

ಬೇಧಿ ಆಗುವುದು ಸಾಮಾನ್ಯ. ಓ.ಆರ್.ಎಸ್. ಕುಡಿಯಿರಿ. ಆದರೆ ನೀರು ನೀರಾಗಿ ಪದೇ ಪದೇ ಹೋದರೆ, ರಕ್ತ ಕಂಡರೆ, ಔಷಧಿ ಮುಗಿದು ವಾರಗಳಾಗಿದ್ದರೂ ಡಾಕ್ಟರಿಗೆ ಈ ಇಂಜೆಕ್ಷನ್ ಆಗಿತ್ತು ಎಂದು ಹೇಳಿ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿ ಮುಖ ಬಿಳಿಚಿಕೊಂಡರೆ ಅದೇ ದಿನ ಹೋಗಬೇಕು.

ಮೂರನೇ ದಿನದ ಅನುಮಾನ

ಟೈಫಾಯ್ಡ್ ಆದವರಿಗೆ ಸರಿಯಾದ ಔಷಧಿ ಕೊಟ್ಟರೂ ಜ್ವರ ಇಳಿಯಲು ನಾಲ್ಕೈದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ನಮ್ಮವರು ಮೂರನೇ ದಿನಕ್ಕೇ “ಈ ಡಾಕ್ಟರ ಕೈಗುಣ ಸರಿಯಿಲ್ಲ” ಎಂದು ಬೇರೆ ಕಡೆ ಹೋಗುತ್ತಾರೆ. ಅಲ್ಲಿ ಹಳೇ ಚೀಟಿ ತೋರಿಸುವುದಿಲ್ಲ. ಹೊಸ ಔಷಧಿ, ಹೊಸ ಲೆಕ್ಕ. ಇನ್ನು ಕೆಲವರು ಆರನೇ ದಿನ ಜ್ವರ ಬಿಟ್ಟ ತಕ್ಷಣ, ಬಸ್ ಚಾರ್ಜು ದಂಡ ಎಂದು ನಿಲ್ಲಿಸುತ್ತಾರೆ. ಒಬ್ಬ ತಾಯಿ ನನಗೆ ಹೇಳಿದ್ದು ನೆನಪಿದೆ: “ಕೂಲಿ ಬಿಟ್ಟು ದಿನಾ ಹೋಗೋಕೆ ಆಗಲ್ಲ ಸಿಸ್ಟರ್, ನೀವೇ ಹೇಳಿ.” ಅವಳ ಮಾತಲ್ಲಿ ಸುಳ್ಳಿಲ್ಲ. ಅಂಥವರು ಸುಮ್ಮನೆ ನಿಲ್ಲಿಸುವ ಬದಲು ಡಾಕ್ಟರನ್ನೇ ಕೇಳಬೇಕು: “ಇನ್ನುಳಿದದ್ದಕ್ಕೆ ಮಾತ್ರೆ ಕೊಡಬಹುದಾ?” ಜ್ವರ ಇಳಿದು, ಊಟ ಸೇರತೊಡಗಿದ ಮೇಲೆ ಎಷ್ಟೋ ಕಾಯಿಲೆಗಳಲ್ಲಿ ಅವರು ಮಾತ್ರೆಗೆ ಬದಲಿಸುತ್ತಾರೆ. ಎಷ್ಟು ದಿನ ಎನ್ನುವುದು ಕಾಯಿಲೆಯ ಮೇಲೆ ಹೋಗುತ್ತದೆ. ಟೈಫಾಯ್ಡ್‌ಗೆ ಹತ್ತರಿಂದ ಹದಿನಾಲ್ಕು ದಿನ, ಕೆಲವಕ್ಕೆ ಅದಕ್ಕಿಂತ ಕಡಿಮೆ.

ಅರೆಬರೆ ಅಳತೆ, ಬೇಡದ ಕಡೆ ಬಳಕೆ ಎರಡರಿಂದಲೂ ರೋಗಾಣುಗಳು ಔಷಧಿಗೆ ಒಗ್ಗಿಹೋಗುತ್ತವೆ. ಹಟ್ಟಿಯ ಉಣ್ಣೆ ಔಷಧಿಗೆ ಬಗ್ಗದೆ ಹೋದ ಹಾಗೆ. ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ 2016ರಿಂದ ಹರಡಿದ ಟೈಫಾಯ್ಡ್‌ಗೆ ಸೆಫ್ಟ್ರಿಯಾಕ್ಸೋನ್ ನಾಟುತ್ತಲೇ ಇರಲಿಲ್ಲ. ನಮ್ಮ ದೇಶದ ದೊಡ್ಡ ಆಸ್ಪತ್ರೆಗಳಲ್ಲಿ ಮೂತ್ರದ ಸೋಂಕು ತರುವ ಇ-ಕೊಲೈ ರೋಗಾಣುಗಳಲ್ಲಿ ಬಹುಪಾಲು ಈ ಜಾತಿಯ ಔಷಧಿಗಳಿಗೆ ಬಗ್ಗುತ್ತಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕಗಳು ತೋರಿಸುತ್ತವೆ. ಇದೇ ಕಾರಣಕ್ಕೆ ಸರ್ಕಾರ 2014ರ ಮಾರ್ಚ್‌ನಿಂದ ಸೆಫ್ಟ್ರಿಯಾಕ್ಸೋನನ್ನು ಎಚ್-1 ಪಟ್ಟಿಗೆ ಸೇರಿಸಿದೆ. ಮೆಡಿಕಲ್ ಶಾಪಿನವರು ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲ. ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು ಎರಡನ್ನೂ ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಡಬ್ಬಿಯ ಮೇಲೆ ಕೆಂಪು ಚೌಕಟ್ಟಿನಲ್ಲಿ ಎಚ್ಚರಿಕೆ ಅಚ್ಚಾಗಿರುತ್ತದೆ.

ಬಳಸಿದ ಸೂಜಿ

ಇದನ್ನು ತಿಪ್ಪೆಗೆ, ಅಡಿಕೆ ತೋಟದ ಮೂಲೆಗೆ ಎಸೆಯಬಾರದು. ಗೊಬ್ಬರ ಹೊರುವವರು ನಾವೇ, ಚುಚ್ಚುವುದು ನಮ್ಮ ಕಾಲಿಗೇ. ಕೊಟ್ಟವರೇ ಅದನ್ನು ಗಟ್ಟಿ ಡಬ್ಬಿಗೆ ಹಾಕಿ ಒಯ್ಯಬೇಕು. ಯಾರಿಗಾದರೂ ಚುಚ್ಚಿದರೆ ಗಾಯವನ್ನು ಹಿಂಡಬೇಡಿ, ಬಾಯಿಗೆ ಹಾಕಬೇಡಿ. ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಎಚ್.ಐ.ವಿ. ತಡೆಯುವ ಮಾತ್ರೆ ಬೇಕಾದರೆ ಎಪ್ಪತ್ತೆರಡು ಗಂಟೆಯೊಳಗೆ ಶುರುವಾಗಬೇಕು. ಬೇಗ ಆದಷ್ಟೂ ಒಳ್ಳೆಯದು.

ಸಾಲದ ಮಾತು

ಆ ಅಕ್ಕನ ಘಟನೆಯ ನಂತರ ಒಂದು ಸಂಘದಲ್ಲಿ ತೀರ್ಮಾನ ಬರೆದರು: ಡಾಕ್ಟರ ಚೀಟಿ ತೋರಿಸಿದರೆ ಮಾತ್ರ ಆಸ್ಪತ್ರೆ ಸಾಲ. ಕೇಳಲು ಚೆನ್ನಾಗಿದೆ. ನಾನು ಒಪ್ಪಲಿಲ್ಲ. ನಡುರಾತ್ರಿ ಮಗುವಿಗೆ ಜ್ವರ ಏರಿ ಫಿಟ್ಸ್ ಬಂದ ತಾಯಿಯ ಹತ್ತಿರ ಚೀಟಿ ಎಲ್ಲಿಂದ ಬರಬೇಕು? ಬಹಳ ಹೊತ್ತು ಚರ್ಚೆಯಾಯಿತು, ಸ್ವಲ್ಪ ಬಿಸಿಯೂ ಆಯಿತು. ಕೊನೆಗೆ ಹೀಗೆ ಬದಲಿಸಿದರು: ಹಣ ಮೊದಲು ಕೊಡುವುದು, ಚೀಟಿ ಮತ್ತು ಬಿಲ್ಲು ಮುಂದಿನ ಸಭೆಗೆ ತರುವುದು. ಯಾವ ಔಷಧಿ, ಎಷ್ಟು ಗ್ರಾಂ, ಎಷ್ಟು ದಿನ ಎಂದು ಓದು ಬರುವ ಒಬ್ಬರು ಎಲ್ಲರೆದುರು ಓದುವುದು. ಕಾಯಿಲೆಯ ಹೆಸರು ಹೇಳಲು ಇಷ್ಟವಿಲ್ಲದಿದ್ದರೆ ಬೇಡ, ಔಷಧಿಯ ಹೆಸರು ಸಾಕು. ಸೆಫ್ಟ್ರಿಯಾಕ್ಸೋನ್ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಆದ್ದರಿಂದ ಸಾಲ ಮಾಡುವ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಇದೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ಚೀಲದ ಡಾಕ್ಟರ ಬಗ್ಗೆ ಕೂಡ ಒಂದು ಮಾತು. ಬಸ್ಸಿಲ್ಲದ ಊರಿಗೆ ಮಳೆಯಲ್ಲಿ ಬರುವವರು ಅವರೊಬ್ಬರೇ ಎಂದು ನೀವು ಹೇಳುವುದು ನನಗೆ ಗೊತ್ತು. ಅವರನ್ನು ಬೈಯಲು ಈ ಪಾಠ ಬರೆದಿಲ್ಲ. ಪ್ಯಾರಾಸಿಟಮಾಲ್ ಕೊಡಲಿ, ಆಸ್ಪತ್ರೆಗೆ ಹೋಗಲು ಗಾಡಿ ಹುಡುಕಿಕೊಡಲಿ. ಬಿಳಿ ಪುಡಿಯ ಬಾಟಲಿ ಚೀಲದಿಂದ ಹೊರಗೆ ಬಂದರೆ ಮಾತ್ರ, “ಬೇಡ ಅಣ್ಣಾ, ಆಸ್ಪತ್ರೆಯಲ್ಲೇ ಹಾಕ್ಸಿಕೊಳ್ತೀವಿ” ಎಂದು ಹೇಳುವ ಧೈರ್ಯ ಮಾಡಿ.

ಮುಂದಿನ ಸಭೆಗೆ

ಇಬ್ಬರಿಬ್ಬರಾಗಿ ಒಬ್ಬರು ಡಾಕ್ಟರು, ಒಬ್ಬರು ರೋಗಿಯಾಗಿ ಅಭ್ಯಾಸ ಮಾಡಿ: ಔಷಧಿಯ ಹೆಸರು ಕೇಳುವುದು, ಅಲರ್ಜಿ ಹೇಳುವುದು, ಅಡ್ರಿನಲಿನ್ ಕೇಳುವುದು. ನಿಮ್ಮ ಊರಿನಿಂದ ರಾತ್ರಿ ಹೊತ್ತು ತೆರೆದಿರುವ ಅತಿ ಹತ್ತಿರದ ಆಸ್ಪತ್ರೆ ಯಾವುದು, ಗಾಡಿ ಯಾರದ್ದು, ಸಂಘದ ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಎಂಬುದನ್ನು ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಮನೆಯಲ್ಲಿರುವ ಹಳೆಯ ಚೀಟಿಗಳನ್ನೂ ಖಾಲಿ ಔಷಧಿ ಡಬ್ಬಿಗಳನ್ನೂ ತನ್ನಿ, ಒಟ್ಟಿಗೆ ಕುಳಿತು ಓದೋಣ. ಸೂಜಿ ಮಾತ್ರ ತರಬೇಡಿ.